ಕಚ್ಚಿಕೊಟ್ಟ ಬೆಲ್ಲ

ಮೊನ್ನೆ ನನ್ನ ಹೆಂಡತಿ ಗಂಗವ್ವ ಬಟ್ಟೆ ಒಗೆಯಲು ಕೂತವಳು ನನ್ನ ಅಂಗಿಯ ಕಿಸೆಗೆ ಕೈಹಾಕಿ, ಕಿಟಾರನೆ ಕಿರುಚಿ, ಅಂಗಿಯನ್ನು ಅಂಗಳದ ತುದಿಗೆ ಎಸೆದಳು. ಕಿಸೆಯಲ್ಲಿ ಹಾವಿರಲಿಲ್ಲ, ಚೇಳಿರಲಿಲ್ಲ. ಒಂದು ಸಣ್ಣ ಬೆಲ್ಲದ ಉಂಡೆ ಇತ್ತು, ಅದರ ಸುತ್ತ ಊರಿನ ಅರ್ಧ ಇರುವೆ ಇತ್ತು. "ಇನ್ನರ ಈ ಚಟಾ ಬಿಡ್ರಿ. ನಿಮ್ಮ ದವಾಖಾನಿ ಬಂದ್ ಆಗಿ ವರ್ಷ ಆತು" ಎಂದಳು. ಅರವತ್ತು ದಾಟಿದ ಗಂಡಸಿನ ಕಿಸೆಯಲ್ಲಿ ಬೆಲ್ಲ ಯಾಕೆ, ಅದಕ್ಕೂ ದವಾಖಾನೆಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಕೇಳಬೇಕು. ಕೇಳದಿದ್ದರೂ ನಾನು ಹೇಳುವವನೇ.

ನಮ್ಮೂರು ಮೊರಬ. ಬಸ್‌ ಸ್ಟ್ಯಾಂಡಿನ ಬಾಜು ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಕಡಲೆ ಬೀಜ ಒಯ್ಯಲು ಬಂದವನು ಬೀಜ ತಗೊಂಡು ಹೋಗಿಬಿಡುತ್ತಾನೆ ಎಂದು ತಿಳಿಯಬೇಡಿ, ಅವನು ಕೂರುತ್ತಾನೆ. ಮಳೆಯಿಂದ ಶುರುವಾಗಿ ದಿಲ್ಲಿಯವರೆಗೆ ನಾನು ಒಂದು ಸುತ್ತು ಹೋಗಿಬಂದ ಮೇಲೆಯೇ ಅವನ ಚೀಲದ ಬಾಯಿ ಕಟ್ಟುವುದು. ಮದುವೆ, ಮನೆಶಾಂತಿ, ಸನ್ಮಾನ, ಸಾಲಿಯ ಗ್ಯಾದರಿಂಗು, ಎಲ್ಲಿ ಮೈಕಿದೆಯೋ ಅಲ್ಲಿ ನಿರೂಪಣೆ ನನ್ನದು. ಮುಖ್ಯ ಅತಿಥಿಗಳಿಗೆ ಮಾತಾಡಲು ಸಮಯವೇ ಉಳಿಯುವುದಿಲ್ಲ ಎಂಬ ದೂರು ಆಗಾಗ ಕಿವಿಗೆ ಬೀಳುತ್ತದೆ. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಇದರಲ್ಲಿ ನನ್ನದೇನೂ ತಪ್ಪಿಲ್ಲ ಎಂದು ನಮ್ಮವ್ವ ಬದುಕಿರುವತನಕ ಸಾಕ್ಷಿ ಹೇಳುತ್ತಿದ್ದಳು. ನಾನು ಕೂಸಿದ್ದಾಗ ಅವಳು ಸಾಣೆಕಲ್ಲಿನ ಮೇಲೆ ನನಗೆ ಗುಟ್ಟಿ ತೇಯುತ್ತಿದ್ದಳಂತೆ. ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ ಒಂದು ಸುತ್ತು, ಬಜೆಯ ಬೇರು ಒಂದು ಸುತ್ತು. ಬಜೆ ನಾಲಿಗೆಯನ್ನು ಚುರುಕು ಮಾಡುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವ್ವ ಒಂದು ಕೈಯಲ್ಲಿ ಬಜೆ ಹಿಡಿದು ಓಣಿಯ ಹೆಂಗಸರ ಕೂಡ ಮಾತಿಗಿಳಿಯುತ್ತಿದ್ದಳು. ಮಾತು ಮುಗಿಯುವತನಕ ಕೈ ನಿಲ್ಲುತ್ತಿರಲಿಲ್ಲ. ಹೀಗಾಗಿ ನನ್ನ ಹೊಟ್ಟೆಗೆ ಬಜೆ ಒಂದು ಸುತ್ತಿನ ಬದಲು ಇಡೀ ಬೇರೇ ಹೋಯಿತು. ಅದರ ಪರಿಣಾಮವನ್ನು ನೀವೀಗ ಅನುಭವಿಸುತ್ತಿದ್ದೀರಿ.

ಈಗ ಬೆಲ್ಲದ ಸಂಗತಿಗೆ ಬರುತ್ತೇನೆ. ಬಹಳ ವರ್ಷದ ಹಿಂದೆ ನಮ್ಮ ಓಣಿಯ ಕಲ್ಲವ್ವ ಮೊಮ್ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದಳು. ಬಸು ಎಂದು ಅವನ ಹೆಸರು. ಮೂರು ವರ್ಷ ಆಗುತ್ತ ಬಂದಿತ್ತು, ಬಾಯಲ್ಲಿ ಇದ್ದದ್ದು ಒಂದೇ ಶಬ್ದ: 'ಡುರ್ರ'. ಮೊದಲು ಅದು ಟ್ರ್ಯಾಕ್ಟರಿನ ಹೆಸರಾಗಿತ್ತು. ಆಮೇಲೆ ಬಸ್ಸೂ ಡುರ್ರ ಆಯಿತು, ಗಿರಣಿಯೂ ಡುರ್ರ ಆಯಿತು, ಎಮ್ಮೆಯೂ ಡುರ್ರ ಆಯಿತು. ಕಡೆಗೆ ಗೊರಕೆ ಹೊಡೆಯುವ ತನ್ನ ಅಜ್ಜನನ್ನೂ ಅವನು ಅದೇ ಸಾಲಿಗೆ ಸೇರಿಸಿದ್ದ. ನನಗೇನೋ ಆ ಹುಡುಗ ಒಂದೇ ಶಬ್ದದಲ್ಲಿ ಇಡೀ ಮೊರಬ ಊರನ್ನು ಹಿಡಿದಿದ್ದಾನೆ ಅನಿಸಿತು. ಆದರೆ ಕಲ್ಲವ್ವ ಅಳುಮೋರೆ ಮಾಡಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಬೆಲ್ಲದ ಚೂರು.

"ಬಾಯಿ ಜೋರ ಇದ್ದವರ ಕಡೆ ಬೆಲ್ಲಾ ಕಚ್ಚಿಸಿ ಕೂಸಿಗೆ ತಿನಿಸಿದ್ರ ಮಾತ ಬರ್ತಾವಂತರಿ. ಊರೆಲ್ಲಾ ವಿಚಾರ ಮಾಡಿದ್ವಿ. ಎಲ್ಲಾರೂ ನಿಮ್ಮ ಹೆಸರನ ಹೇಳಿದ್ರು."

ಇದು ಹೊಗಳಿಕೆಯೋ ಬೈಗುಳವೋ ಎಂದು ತೂಗಿ ನೋಡುವಷ್ಟು ಪುರುಸೊತ್ತನ್ನು ಕಲ್ಲವ್ವ ಕೊಡಲಿಲ್ಲ. ಕಚ್ಚಿದೆ. ಅರ್ಧ ಅವನಿಗೆ ತಿನ್ನಿಸಿದಳು. ಎರಡು ತಿಂಗಳಾದ ಮೇಲೆ ಬಸು ಓಡುತ್ತ ತನ್ನ ಮನೆಯೊಳಗೆ ಹೋಗಿ "ಅಜ್ಜ ಬಿದ್ದ" ಎಂದ. ಅಜ್ಜ ನಿಜವಾಗಿಯೂ ಕಟ್ಟೆಯ ಮೇಲಿಂದ ಬಿದ್ದಿದ್ದ. ಪಾಪ, ಅವನನ್ನು ಎಬ್ಬಿಸಲು ಯಾರೂ ಹೋಗಲಿಲ್ಲ; ಎಲ್ಲರೂ ಬಸುವನ್ನು ಎತ್ತಿಕೊಂಡು ನನ್ನ ಅಂಗಡಿಗೆ ಬಂದರು.

ಮೂರು ವರ್ಷಕ್ಕೆ ಮಾತಾಡುವ ಕೂಸು ಬೆಲ್ಲ ತಿಂದರೂ ಮಾತಾಡುತ್ತದೆ, ತಿನ್ನದಿದ್ದರೂ ಮಾತಾಡುತ್ತದೆ. ಇದು ನನಗೆ ಹೊಳೆಯಲಿಲ್ಲ ಎಂದೇನಲ್ಲ. ಆದರೆ ಅಂಗಡಿಯ ಬಾಗಿಲಿಗೇ ನಡೆದು ಬಂದ ಕೀರ್ತಿಗೆ 'ಒಲ್ಲೆ, ಮುಂದ ಹೋಗು' ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ತಿರ್ಲಾಪುರದಿಂದ ಬಂದರು, ನವಲಗುಂದದಿಂದ ಬಂದರು, ಕುಂದಗೋಳದಿಂದ ಕಾರು ಮಾಡಿಕೊಂಡು ಬಂದರು. ಮಾತು ಬಂದ ಕೂಸೆಲ್ಲ ನನ್ನ ಬೆಲ್ಲದ್ದು, ಬಾರದ ಕೂಸಿಗೆ ಬೆಲ್ಲ ತಿನ್ನಿಸಿದ ರೀತಿ ಸರಿ ಇರಲಿಲ್ಲ. ಹೀಗೊಂದು ಲೆಕ್ಕಾಚಾರ ತಾನೇ ತಾನಾಗಿ ಬೆಳೆಯಿತು. ಕುಂದಗೋಳದ ಹುಡುಗನೊಬ್ಬ ಮಾತ್ರ ಬಾಯಿ ಬಿಟ್ಟವನೇ ಕೆಟ್ಟ ಬೈಗುಳ ಬೈದನಂತೆ. ಅವನಪ್ಪ ಫೋನು ಮಾಡಿ, "ಕಾಕಾ, ಬೆಲ್ಲಾ ಕಚ್ಚೂ ಮುಂದ ನೀವು ಯಾರಿಗರ ಬೈಲಿಕತ್ತಿದ್ರೇನು?" ಎಂದು ಕೇಳಿದ. ನೆನಪು ಮಾಡಿಕೊಂಡೆ. ಆ ದಿನ ಕರೆಂಟು ಹೋಗಿತ್ತು, ನಾನು ಬೈಯುತ್ತಿದ್ದುದೂ ನಿಜ. ಕೊರೊನಾ ಬಂದಾಗ ನನ್ನ ಎಂಜಲಿಗೆ ಬೇಡಿಕೆ ಇಳಿಯಿತು. ಆದರೂ ಒಬ್ಬ ತಾಯಿ ವಿಡಿಯೋ ಕಾಲಿನಲ್ಲಿ ಬೆಲ್ಲವನ್ನು ಪರದೆಗೆ ಹಿಡಿದು, "ಅಲ್ಲೇ ಕಚ್ಚಿದಂಗ ಮಾಡ್ರಿ, ಸಾಕು" ಎಂದಳು. ಮಾಡಿದೆ.

ಇಷ್ಟು ಹೆಸರುವಾಸಿಯಾದವನ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಹೆಸರು ಇಂಚರಾ. ಹಕ್ಕಿಯ ಇಂಪಾದ ದನಿ ಎಂದು ಅರ್ಥ, ಆರಿಸಿದವನು ನಾನೇ. ತೊಟ್ಟಿಲ ಮುಂದೆ ಆ ಹೆಸರಿನ ಮೇಲೆ ನಾನು ಮೈಕಿನಲ್ಲಿ ಒಂದು ಚಿಕ್ಕ ಭಾಷಣವನ್ನೂ ಮಾಡಿದೆ. ಚಿಕ್ಕದೆಂದು ನನ್ನ ಅಭಿಪ್ರಾಯ. ಊಟ ಆರಿಹೋಯಿತೆಂದು ಬಂದವರ ಅಭಿಪ್ರಾಯ.

ಆಗ ನಮ್ಮ ಮನೆಯಲ್ಲಿದ್ದವರು ಇಷ್ಟು ಮಂದಿ: ನಾನು, ಗಂಗವ್ವ, ನವಲಗುಂದದ ಬ್ಯಾಂಕಿಗೆ ದಿನಾ ಹೋಗಿಬರುವ ಮಗ ಮಂಜು, ಅವನ ಹೆಂಡತಿ ಸವಿತಾ, ಕೂಸು. ಗಂಗವ್ವನಿಗೆ ಅವಳವ್ವ ಬಜೆ ತೇಯ್ದದ್ದರ ಬಗ್ಗೆ ನನ್ನಲ್ಲಿ ಮಾಹಿತಿ ಇಲ್ಲ, ಆದರೆ ಅವಳು ನನಗಿಂತ ಒಂದು ಮಾತೂ ಕಡಿಮೆ ಬೀಳುವವಳಲ್ಲ. ಮಂಜು ನಮ್ಮಿಬ್ಬರ ಮಗ. ಸವಿತಾ ಮಾತ್ರ ತಿರ್ಲಾಪುರದವಳು. ಹೆಣ್ಣು ನೋಡಲು ಹೋದಾಗ ಅವರ ಕಡೆಯವರು "ಹುಡುಗಿ ಮಾತು ಕಮ್ಮಿರಿ" ಎಂದು ಅಳುಕುತ್ತ ಹೇಳಿದ್ದರು. ನಾವು ಅಲ್ಲಿಯೇ ಒಪ್ಪಿಗೆ ಕೊಟ್ಟೆವು. ನಮ್ಮ ಮನೆಯಲ್ಲಿ ಮಾತಾಡುವವರು ಬೇಕಾದಷ್ಟಿದ್ದರು. ಕೇಳುವವರ ಕೊರತೆ ಬಹಳ ಇತ್ತು.

ಇಂಚರಾ ಆರು ತಿಂಗಳಿದ್ದಾಗ ಕೌದಿಯ ಮೇಲೆ ಅಂಗಾತ ಬಿದ್ದುಕೊಂಡು 'ಬಬ್ಬಬ್ಬ' ಎನ್ನುತ್ತಿದ್ದಳು. ಅವಳು 'ಬಸವಾ' ಅಂದಳು ಎಂದು ನಾನು ಊರಿಗೆಲ್ಲ ಸುದ್ದಿ ಮಾಡಿದೆ. ಅಲ್ಲ, ಅದು 'ಅಬ್ಬೇ', ಅಂದರೆ ಅಜ್ಜಿ, ಅಂದರೆ ತಾನು ಎಂದು ಗಂಗವ್ವ ವಾದಿಸಿದಳು. 'ಪಪ್ಪಾ' ಎಂದು ಮಂಜು ಮೊಬೈಲಿನಲ್ಲಿ ರೆಕಾರ್ಡು ಮಾಡಿ ಸ್ಟೇಟಸ್ ಹಾಕಿದ. ಕೂಸಿನ ತುಟಿಯ ಮೇಲೆ ನಾವು ಮೂವರೂ ಒಂದೊಂದು ಬಾವುಟ ನೆಟ್ಟು ಕೂತೆವು. ಸವಿತಾಳಿಗೆ ಏನು ಕೇಳಿಸಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ನಾವೇ ಕೊಡುತ್ತಿದ್ದೆವು.

ವರ್ಷ ತುಂಬಿತು, ಬಬ್ಬಬ್ಬ ಕಡಿಮೆಯಾಯಿತು. ಎರಡು ವರ್ಷ ತುಂಬಿತು, ಮಾತು ಬರಲಿಲ್ಲ. ತಿಳುವಳಿಕೆಗೇನೂ ಕೊರತೆ ಇರಲಿಲ್ಲ. ಅಜ್ಜನ ಚಾಳೀಸಿನ ಕನ್ನಡಕ ಎಲ್ಲಿ ಎಂದರೆ ಹುಡುಕಿ ತರುತ್ತಿದ್ದಳು. 'ಎರಕೊಳ್ಳೂಣು ಬಾ' ಎಂದು ಸ್ನಾನಕ್ಕೆ ಕರೆಯುವ ಮಾತು ಕಿವಿಗೆ ಬಿದ್ದರೆ ಸಾಕು, ಜೋಳದ ಚೀಲದ ಹಿಂದೆ ಅಡಗುತ್ತಿದ್ದಳು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅದನ್ನು ತೆರೆಯುವ ಪ್ರಸಂಗವೂ ಅವಳಿಗೆ ಬರುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಅಡಿಗೆಮನೆಯ ಗೋಡೆಗೂಡಿನ, ಅಂದರೆ ಮಾಡದ ಕಡೆಗೆ ಅವಳೊಂದು ಬೆರಳು ಎತ್ತಿದಳೆನ್ನಿ.

"ನೀರ ಬೇಕೇನ ನನ್ನ ಬಂಗಾರಕ್ಕ?" ಎಂದು ಗಂಗವ್ವ ಓಡುತ್ತಿದ್ದಳು.

"ನೀರಲ್ಲಬೇ, ಅಕಿ ಶೇಂಗಾ ಉಂಡಿ ಡಬ್ಬಿ ತೋರಿಸ್ಲಿಕತ್ತಾಳ" ಎಂದು ಮಂಜು.

"ಈಗ ಉಂಡಿ ಕೊಟ್ರ ಊಟಾ ಬಿಡ್ತಾಳ. ಬಾಳಿಹಣ್ಣ ಕೊಡ್ರಿ" ಎಂದು ನಾನು.

ಇಂಚರಾ ಬೆರಳು ಎತ್ತಿದವಳು ಎತ್ತಿಕೊಂಡೇ ಸಭೆ ಮುಗಿಯುವತನಕ ಕಾಯುತ್ತಿದ್ದಳು. ಕಡೆಗೆ ನೀರು, ಉಂಡೆ, ಹಣ್ಣು ಮೂರೂ ಸಿಗುತ್ತಿದ್ದವು. ಇಂಥ ರಾಜಸತ್ತೆಯಲ್ಲಿ ಯಾರಾದರೂ ಮಾತು ಕಲಿಯುವ ದುಡುಕು ಮಾಡುತ್ತಾರೆಯೇ? ಯಾರಾದರೂ ಬಂದು "ನಿನ್ನ ಹೆಸರೇನ ಪುಟ್ಟೀ?" ಎಂದು ಕೇಳಿದರೆ ಅವಳು ಬಾಯಿ ತೆರೆಯುವುದರೊಳಗೆ ನಾವು ಮೂವರೂ ಒಟ್ಟಿಗೆ ಹೆಸರು ಹೇಳಿ, ನಾನು ಅದರ ಅರ್ಥವನ್ನೂ ಬಿಡಿಸಿ ಹೇಳುತ್ತಿದ್ದೆ.

ಬೆಲ್ಲ ಕಚ್ಚಿಕೊಡಲಿಲ್ಲವೇ ಎಂದು ನೀವು ಕೇಳಬಹುದು. ಮೊದಲು ಎಲ್ಲರೆದುರಿಗೆ ಕೊಟ್ಟೆ. ಆಮೇಲೆ ಯಾರಿಗೂ ಕಾಣದಂತೆ ಕೊಟ್ಟೆ. ಪರಿಣಾಮ ಆಗಲಿಲ್ಲ ಎಂದು ಹೇಳಲಾರೆ. ನನ್ನನ್ನು ಕಂಡ ಕೂಡಲೇ ಅವಳು ಅಂಗೈ ಚಾಚುವುದನ್ನು ಕಲಿತಳು. ಅಂಗಡಿಯಲ್ಲಿ ಜನ ಬೀಜದ ಜೊತೆಗೆ ನಗೆಯನ್ನೂ ಒಯ್ಯತೊಡಗಿದರು. "ಕಾಕಾ, ಮೊಮ್ಮಗಳಿಗೆ ಬೆಲ್ಲಾ ಕಚ್ಚಿ ಕೊಟ್ಟಿಲ್ಲೇನು? ಬೆಲ್ಲಾ ಭಾಳ ತುಟ್ಟಿ ಆಗೇತೇನು?" ಎಂದು ಆ ಬಸುವೇ ಕೇಳಿದ. ಅವನೀಗ ಮೀಸೆ ಬಂದ ಹುಡುಗ, ಸ್ವಂತ ಟ್ರ್ಯಾಕ್ಟರು ಹೊಡೆಯುತ್ತಾನೆ. ಅವನಿಗೆ ಮಾತು ಕೊಟ್ಟವನು ನಾನೇ ಅಲ್ಲವೇ, ಅನುಭವಿಸಿದೆ.

ನನ್ನ ಮರ್ಯಾದೆ ಹೋದದ್ದು ಅಷ್ಟರಲ್ಲೇ ಮುಗಿದಿದ್ದರೆ ಈ ಕತೆಯಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಆದರೆ ತಪ್ಪೆಂಬುದು ಮನೆಯಲ್ಲಿ ಹುಟ್ಟಿದ ಮೇಲೆ ಅದಕ್ಕೆ ಒಬ್ಬ ವಾರಸುದಾರ ಬೇಕಲ್ಲ. ಬೆಲ್ಲದ್ದು ತಪ್ಪಿರಲು ಸಾಧ್ಯವಿರಲಿಲ್ಲ, ನಮ್ಮ ರಕ್ತದ್ದಂತೂ ಅಲ್ಲವೇ ಅಲ್ಲ. ಉಳಿದವಳು ಸವಿತಾ.

ನಮ್ಮ ಅಕ್ಕ ನೀಲಕ್ಕನನ್ನು ಅಣ್ಣಿಗೇರಿಗೆ ಕೊಟ್ಟಿದೆ. ನನ್ನನ್ನು ಮಾತುಗಾರ ಎನ್ನುವವರು ಅವಳನ್ನು ನೋಡಿರುವುದಿಲ್ಲ. ಅವಳ ಮನೆಯಲ್ಲಿ ಒಂದು ಕುಬಸದ, ಅಂದರೆ ಸೀಮಂತದ ಕಾರ್ಯಕ್ರಮಕ್ಕೆ ನಾವೆಲ್ಲ ಹೋಗಿದ್ದೆವು. ಹೋಳಿಗೆ ಬಡಿಸುತ್ತ ನೀಲಕ್ಕ ಪಂಕ್ತಿಯ ಹೆಂಗಸರೆಲ್ಲರೆದುರಿಗೆ ಹೇಳಿದಳಂತೆ: "ಮಾತು ಅನ್ನೂದು ತಾಯಿ ಹಾಲಿನ್ಯಾಗ ಬರ್ತೈತಿ. ತಾಯೀನ ಮೂಕಿಯಂಗ ಕುಂತ್ರ ಕೂಸರ ಏನ ಮಾತಾಡೀತು? ಯುಗಾದಿ ತನಕಾ ನೋಡೂಣು. ಇಲ್ಲಂದ್ರ ಕೂಸಿನ್ನ ನಾ ಕರಕೊಂಡು ಬರ್ತೇನಿ. ಆರು ತಿಂಗಳ ಅಕಿನ್ನ ನನ್ನ ಕಡೆ ಬಿಡ್ರಿ, ಭಾಷಣಾ ಮಾಡಸ್ತೇನಿ."

ಬಸ್ಸಿನಲ್ಲಿ ಬರುವಾಗ ಗಂಗವ್ವ ಇದನ್ನು ನನಗೆ ಹೇಳಿದಳು. ಹೇಳಿದ ದನಿಯಲ್ಲಿ ಬೇಸರವಿತ್ತೋ ಒಪ್ಪಿಗೆಯಿತ್ತೋ ತಿಳಿಯಲಿಲ್ಲ. ಮಂಜು ಮೊಬೈಲು ನೋಡುತ್ತಿದ್ದ. ಮಾತಿಗೆ ಎಂದೂ ತಡಕಾಡದ ನಾನು "ನೋಡೂಣು ತಡಿ" ಎಂದೆ. ಮುಂದಿನ ಸೀಟಿನಲ್ಲಿ ಸವಿತಾ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಹೊರಗೆ ಹತ್ತಿ ಬಿಡಿಸಿ ಮುಗಿದ ಎರೆಹೊಲ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಅವಳು ಊರು ಬರುವತನಕ ಕತ್ತು ಈಚೆ ತಿರುಗಿಸಲಿಲ್ಲ.

ಅಂದಿನಿಂದ ಅವಳು ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲ. ಕೂಸನ್ನು ಎತ್ತಿಕೊಂಡು ಹಿತ್ತಲಿನಲ್ಲಿ ಕೂರುತ್ತಿದ್ದಳು, ಊಟಕ್ಕೆ ಕರೆದರೆ ಆಮೇಲೆ ಎನ್ನುತ್ತಿದ್ದಳು. ಕೆನ್ನೆಯ ಮೂಳೆ ಕಾಣತೊಡಗಿತು. ನೀಲಕ್ಕ ಫೋನು ಮಾಡಿದಾಗಲೆಲ್ಲ ಯುಗಾದಿಯ ಮಾತು ತೆಗೆಯುತ್ತಿದ್ದಳು. ಗಂಗವ್ವನೂ, "ಆರು ತಿಂಗಳದಾಗ ಏನ ಹೋಗ್ತೈತಿ? ಅಣ್ಣಿಗೇರಿ ಏನ್ ದೂರಲ್ಲ" ಎನ್ನತೊಡಗಿದಳು. ಎರಡು ವರ್ಷದ ಕೂಸನ್ನು ತಾಯಿಯಿಂದ ಕಿತ್ತುಕೊಂಡು ಹೋಗುವ ಮಾತು ನಮ್ಮ ಮನೆಯಲ್ಲಿ ಚಹಾದ ಜೊತೆಗೆ ನಡೆಯುತ್ತಿತ್ತು. ಚಹಾ ಮಾಡಿ ತಂದುಕೊಡುತ್ತಿದ್ದವಳು ಸವಿತಾ.

ಒಂದು ಮುಂಜಾನೆ ಅವಳು ನನ್ನ ಮುಂದೆ ಬಂದು ನಿಂತಳು. "ಮಾವಾರ, ಧಾರವಾಡದಾಗ ಮಾತಿನ ಡಾಕ್ಟರು ಅದಾರಂತರಿ. ನಾ ಇಕಿನ್ನ ಕರ್ಕೊಂಡು ಹೋಗಿ ಬರ್ತೇನ್ರಿ." ಮದುವೆಯಾಗಿ ಬಂದ ಮೇಲೆ ನಾನು ಅವಳ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಕೇಳಿಕೊಂಡದ್ದೂ ಅಲ್ಲ, ತಿಳಿಸಿದ್ದು. ನನಗೆ ಒಳಗೊಳಗೇ ಅವಮಾನವಾಯಿತು; ಮೂರು ತಾಲೂಕಿಗೆ ಮಾತು ಹಂಚಿದವನ ಮನೆಯಿಂದ ಮಾತಿಗಾಗಿ ಧಾರವಾಡಕ್ಕೆ ಹೋಗುವುದೇ? ಹೋಗುವುದಾದರೆ ಸರಿ, ಒಬ್ಬಳೇ ಹೋಗಿ ಅಲ್ಲಿ ಏನು ಮಾತಾಡಿಯಾಳು ಎಂದು ನಾನೂ ಗಂಗವ್ವನೂ ಜೊತೆಗೆ ಹೊರಟೆವು.

ಮಾತಿನ ಡಾಕ್ಟರೆಂದರೆ ಒಬ್ಬ ಎಳೆಯ ಹೆಣ್ಣುಮಗಳು. ಮೊದಲು ಕಿವಿ ಪರೀಕ್ಷೆ ಮಾಡಿಸಿದಳು, ಕಿವಿ ಸರಿಯಾಗಿದ್ದವು. ಆಮೇಲೆ ನೆಲದ ಮೇಲೆ ಚಾಪೆ ಹಾಸಿ, ಪ್ಲಾಸ್ಟಿಕ್ಕಿನ ಆಕಳು, ಚೆಂಡು, ಪುಟ್ಟ ಪಾತ್ರೆ ಹರವಿ, ಇಂಚರಾಳ ಎದುರಿಗೆ ಕೂತು ಕೇಳಿದಳು. "ಇದು ಏನ ಪುಟ್ಟೀ?"

"ಆಕಳಾ" ಎಂದೆ ನಾನು.

ಅವಳು ನನ್ನ ಕಡೆ ನೋಡಿ ಮುಗುಳ್ನಕ್ಕಳು. ಸವಿತಾಳ ಕಡೆ ತಿರುಗಿ, "ಕೂಸು ಮನಿಯಾಗ ಏನರ ಬೇಕಾದ್ರ ಹೆಂಗ ಕೇಳ್ತೈತಿ?" ಎಂದಳು.

"ಬೆರಳ ಮಾಡ್ತಾಳರಿ" ಎಂದಳು ಗಂಗವ್ವ. "ನಾವ ಎಲ್ಲಾ ತಿಳಕೊಂಡು ಕೊಡ್ತೇವ್ರಿ. ಅಕಿಗೆ ಒಂದೀಟೂ ತ್ರಾಸ ಆಗಗೊಡೂದಿಲ್ಲ."

"ನೀವು ಏನ ಓದೀರವಾ?" ಎಂದು ಆಕೆ ಸವಿತಾಳನ್ನೇ ಕೇಳಿದಳು.

"ಅಕಿ ಬಿ.ಎ. ಮಾಡ್ಯಾಳರಿ" ಎಂದೆ ನಾನು. "ಕನ್ನಡ ಮೇಜರ್ರು."

ಆ ಹೆಣ್ಣುಮಗಳು ಕೈಯಲ್ಲಿದ್ದ ಆಕಳನ್ನು ಕೆಳಗಿಟ್ಟು, "ಅಜ್ಜಾರ, ಅಮ್ಮಾರ, ನೀವಿಬ್ಬರೂ ಒಂದ ಸ್ವಲ್ಪ ಹೊರಗ ಕೂಡ್ರಿ" ಎಂದಳು. ಬಹಳ ಮರ್ಯಾದೆಯಿಂದ ಹೇಳಿದಳು. ಸಭೆಯಿಂದ ನನ್ನನ್ನು ಹೊರಗೆ ಹಾಕಿದ್ದು ಜೀವನದಲ್ಲಿ ಅದೇ ಮೊದಲು.

ಬಾಗಿಲಿಗೆ ಗಾಜಿತ್ತು. ಒಳಗಿನದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಸವಿತಾ ಚಾಪೆಯ ಮೇಲೆ ಕೂತಿದ್ದಳು. ಚೆಂಡನ್ನು ಕೈಯಲ್ಲಿ ಹಿಡಿದು ಏನೋ ಕೇಳಿದಳು. ಕೇಳಿ ಸುಮ್ಮನಾದಳು. ಕೂಸು ಅವಳ ಮುಖವನ್ನೇ ನೋಡಿತು. ಅವಳೂ ಕೂಸಿನ ಮುಖ ನೋಡಿದಳು. ಏನೂ ನಡೆಯಲಿಲ್ಲ. ಇನ್ನೂ ಏನೂ ನಡೆಯಲಿಲ್ಲ. ಹೊರಗೆ ನನ್ನ ನಾಲಿಗೆ ಗಂಟಲಿನವರೆಗೆ ಜಗ್ಗುತ್ತಿತ್ತು. "ಚಂಡು ಅನ್ನ, ಚಂಡು ಅನ್ನ" ಎಂದು ಗಂಗವ್ವ ಗಾಜಿಗೆ ಮೂಗು ಒತ್ತಿ ಗೊಣಗುತ್ತಿದ್ದಳು. ಆಮೇಲೆ ಇಂಚರಾಳ ತುಟಿ ಅಲ್ಲಾಡಿದ್ದು ನಮಗೆ ಕಂಡಿತು. ಸವಿತಾ ಚೆಂಡನ್ನು ಅವಳ ಕಡೆಗೆ ಉರುಳಿಸಿದಳು. ಅವಳು ನಗುತ್ತಿದ್ದಳು. ನಮ್ಮ ಸೊಸೆಗೆ ಹಲ್ಲು ಕಾಣುವಂತೆ ನಗಲು ಬರುತ್ತದೆಂಬುದು ನನಗೆ ಆ ದಿನ ಗೊತ್ತಾಯಿತು.

ಒಳಗೆ ಕರೆದು ಡಾಕ್ಟರು ಹೇಳಿದ್ದು ಇಷ್ಟೇ. ಔಷಧ ಬೇಡ, ಕೂಸಿಗೆ ಎಲ್ಲ ತಿಳಿಯುತ್ತದೆ, ಮಾತು ತುಟಿಯ ಹತ್ತಿರವೇ ಇದೆ. ಅದು ಹೊರಗೆ ಬರುವುದಕ್ಕೆ ನೀವು ಪುರುಸೊತ್ತು ಕೊಡಬೇಕು. ಅವಳ ಪರವಾಗಿ ಯಾರೂ ಹೇಳಬಾರದು. ಒಂದು ಮಾತು ಕೇಳಿ, ಬಾಯಿ ಮುಚ್ಚಿ, ಅವಳ ಮುಖ ನೋಡುತ್ತ ಕಾಯಬೇಕು. ಕೂಸು ಒಂದು ಶಬ್ದ ಅಂದರೆ ಅದಕ್ಕೆ ಇನ್ನೊಂದು ಸೇರಿಸಿ ಹಿಂದಕ್ಕೆ ಕೊಡಬೇಕು. ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ. "ಮುಂದಿನ ಸಲಾ ತಾಯಿ ಅಷ್ಟ ಬಂದ್ರ ಸಾಕು" ಎಂದಳು ನಮ್ಮಿಬ್ಬರನ್ನೂ ನೋಡಿ.

ಮನೆಯಲ್ಲಿ ಕಾಯಿದೆ ಜಾರಿಯಾಯಿತು. ಜಾರಿ ಮಾಡಿದವಳು ಸವಿತಾ. ಇಂಚರಾ ಬೆರಳು ಎತ್ತಿದ ಕೂಡಲೇ ನಮ್ಮಲ್ಲಿ ಯಾರಾದರೂ ಬಾಯಿ ತೆರೆದರೆ ಅವಳು ಕೈ ಅಡ್ಡ ಹಿಡಿದು, "ಇಂಚರಾ ಹೇಳ್ಲಿ" ಎನ್ನುತ್ತಿದ್ದಳು. ಮೆತ್ತಗೆ ಹೇಳುತ್ತಿದ್ದಳು, ಆದರೆ ಹೇಳುತ್ತಿದ್ದಳು. ಮೊದಲ ವಾರ ನಮ್ಮ ಮನೆಯಲ್ಲಿ ಆದ ಹಿಂಸೆಯನ್ನು ವರ್ಣಿಸಲಾರೆ. ಗಂಗವ್ವ ಸೆರಗು ಬಾಯಿಗೆ ತುರುಕಿಕೊಂಡು ಅಡಿಗೆ ಮಾಡಿದಳು. ಮಂಜು ಬ್ಯಾಂಕಿನಿಂದ ತಡವಾಗಿ ಬರತೊಡಗಿದ. ಕಲ್ಲವ್ವ ಬಾಗಿಲಲ್ಲಿ ನಿಂತು, "ಯಾಕ್ರಿ, ನಿಮ್ಮನ್ಯಾಗ ಯಾರಿಗರ ಏನರ ಆಗೇತೇನ್ರಿ? ಎರಡ ದಿವಸಾತು, ದನೀನ ಇಲ್ಲ" ಎಂದು ಹೆದರಿ ಕೇಳಿದಳು. ನಾನು ಅಂಗಡಿಗೆ ಹೋಗಿ, ಮನೆಯಲ್ಲಿ ಉಳಿದ ಮಾತನ್ನೂ ಸೇರಿಸಿ ಗಿರಾಕಿಗಳ ಮೇಲೆ ಸುರಿದು ಬರುತ್ತಿದ್ದೆ. ಆ ತಿಂಗಳು ಜನ ಬೀಜಕ್ಕೆ ನವಲಗುಂದಕ್ಕೆ ಹೋದರು. ಬೆಲ್ಲಕ್ಕೆ ಬಂದವರನ್ನು ಮಾತ್ರ ನಾನೇ ಧಾರವಾಡದ ದಾರಿಗೆ ಹಚ್ಚಿದೆ; ನನ್ನ ಬೆಲ್ಲದ ದವಾಖಾನೆ ಅಲ್ಲಿಗೆ ಬಂದ್ ಆಯಿತು.

ಆ ಮೌನದಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಮನೆಯಲ್ಲಿ ಯಾರೋ ಮಾತಾಡುವುದು ಕೇಳಿಸತೊಡಗಿತು. ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತ, ರೊಟ್ಟಿ ಬಡಿಯುತ್ತ, ಕೂಸಿಗೆ ತಲೆ ಬಾಚುತ್ತ ಸವಿತಾ ಮಾತಾಡುತ್ತಿದ್ದಳು. ಹಿಟ್ಟು ಯಾಕೆ ಬಿಸಿ ಇದೆ, ಗುಬ್ಬಿ ಯಾಕೆ ಹಾರಿಹೋಯಿತು, ತಿರ್ಲಾಪುರದ ಅಜ್ಜಿಯ ಮನೆಯಲ್ಲಿ ಎಷ್ಟು ಕೋಳಿ. ಒಂದು ಮಾತು ಹೇಳಿ ನಿಲ್ಲುತ್ತಿದ್ದಳು, ಕಾಯುತ್ತಿದ್ದಳು, ಮತ್ತೆ ಒಂದು. ಬಹಳ ಚಂದದ ದನಿ. ಅದು ಇಷ್ಟು ವರ್ಷ ಅಲ್ಲಿಯೇ ಇದ್ದಿರಬೇಕು. ನಾವು ನಡುವೆ ಬಿಡುವು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಇಂಚರಾ ಮಾಡದ ಕೆಳಗೆ ನಿಂತು ಬೆರಳು ಎತ್ತಿದಳು. ನಾವು ಊಟಕ್ಕೆ ಕೂತಿದ್ದೆವು. ಯಾರೂ ಉಸಿರೆತ್ತಲಿಲ್ಲ. ಕೂಸು ನನ್ನನ್ನು ನೋಡಿತು, ಗಂಗವ್ವನನ್ನು ನೋಡಿತು. ಅವಳ ಮುಖ ಅಳುವಂತಾಯಿತು. ಗಂಗವ್ವ ಏಳಲು ಹೋದಳು. ಸವಿತಾ, "ಕೂಡ್ರಿ ಅತ್ತಿ" ಎಂದಳು. ಗಂಗವ್ವ ಕೂತಳು! ಇಂಚರಾ ಬೆರಳು ಇಳಿಸಿ, ಮೂಗು ಏರಿಸಿ, ನಮ್ಮೆಲ್ಲರ ಮೇಲೂ ಸಿಟ್ಟು ಮಾಡಿಕೊಂಡು, "ಉಂಡಿ ಕೊದು" ಎಂದಳು.

ಗಂಗವ್ವ ಡಬ್ಬಿಯನ್ನೇ ಇಳಿಸಿ ಅವಳ ಮುಂದೆ ಇಟ್ಟು ಅತ್ತಳು. ಮಂಜು ಮೊಬೈಲಿಗೆ ಕೈ ಹಾಕಿದ. ನಾನು ಅರ್ಧ ಊಟಕ್ಕೇ ಎದ್ದೆ, ಊರಿಗೆ ಹೇಳಬೇಕಿತ್ತು. ಸವಿತಾ ಬಾಗಿಲಿಗೆ ಅಡ್ಡ ನಿಂತಳು.

"ಯಾರಿಗೂ ಹೇಳಬ್ಯಾಡ್ರಿ ಮಾವಾರ. ಹೇಳಿದ್ರ ಎಲ್ಲಾರೂ ಬಂದು ಹೇಳು ಹೇಳು ಅಂತ ಜೀವಾ ತಿಂತಾರ. ಇಕಿ ಮತ್ತ ಬಾಯಿ ಮುಚ್ಚತಾಳ."

ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಯುಗಾದಿಯವರೆಗೆ ಬದುಕಿದ್ದೇ ಒಂದು ಪವಾಡ. ನೀಲಕ್ಕ ಫೋನು ಮಾಡಿದಾಗ ನಾಲಿಗೆ ಕಚ್ಚಿಕೊಂಡು ಗಂಗವ್ವನ ಕೈಗೆ ಕೊಡುತ್ತಿದ್ದೆ, ಅವಳು ಮಂಜುವಿನ ಕೈಗೆ ಕೊಡುತ್ತಿದ್ದಳು. ಇಷ್ಟರಲ್ಲಿ ಇಂಚರಾಳ ಮಾತು ಒಂದೊಂದಾಗಿ ಹೆಚ್ಚುತ್ತ ಹೋದವು. ಎಲ್ಲಕ್ಕಿಂತ ಹೆಚ್ಚು ಬಳಸುತ್ತಿದ್ದುದು 'ಒಲ್ಲೆ'. ಹೊರಗಿನವರು ಬಂದರೆ ಮಾತ್ರ ತುಟಿ ಹೊಲಿದುಕೊಳ್ಳುತ್ತಿದ್ದಳು.

ಯುಗಾದಿಯ ಮಾರನೆಯ ದಿನ ನೀಲಕ್ಕ ಬಂದಳು. ಕೈಯಲ್ಲಿ ಒಂದು ಖಾಲಿ ಚೀಲ ಇತ್ತು. ಬಾಗಿಲಿನಿಂದಲೇ, "ಎಲ್ಲಿ ಕೂಸಿನ ಅಂಗಿ-ಅರಬಿ? ತಗೊಂಬರ್ರಿ, ನಾಕ ಗಂಟೆ ಬಸ್ಸಿಗೆ ಹೋಗೂಣು" ಎಂದಳು. ಚಾಪೆಯ ಮೇಲೆ ಕೂತು ಅವಳು ಆರು ತಿಂಗಳ ಯೋಜನೆಯನ್ನು ವಿವರಿಸಿದಳು. ಅಣ್ಣಿಗೇರಿಯ ಅವಳ ಓಣಿಯಲ್ಲಿ ಎಷ್ಟು ಮಂದಿ ಮಾತಾಡುವವರಿದ್ದಾರೆ, ಕೂಸಿನ ಕಿವಿಗೆ ದಿನಾ ಎಷ್ಟು ಮಾತು ಬೀಳುತ್ತವೆ ಎಂದೆಲ್ಲ. ಇಂಚರಾ ನನ್ನ ತೊಡೆಯ ಮೇಲೆ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದಳು. ಸವಿತಾ ಅಡಿಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಎಲ್ಲ ಹೇಳಿ ಮುಗಿಸಿದ ಮೇಲೆ ನೀಲಕ್ಕ ಕಡೆಯದಾಗಿ ಒಂದು ಮಾತಿರಲಿ ಎಂಬಂತೆ ಕೇಳಿದಳು. "ಯಾಕವಾ ಸವಿತಾ, ನಿಂದೇನ ಅಡ್ಡಿ ಇಲ್ಲಲ್ಲ?"

"ಅಕಿದೇನ ಅಡ್ಡಿ" ಎಂದು ಗಂಗವ್ವ ಶುರುಮಾಡಿದವಳು ಅಲ್ಲಿಯೇ ಸೆರಗು ಕಚ್ಚಿಕೊಂಡಳು. ಮಂಜು ಕೆಮ್ಮಿದ. ಅಕ್ಕನಿಗೆ ನೋವಾಗದಂತೆ, ಸೊಸೆಗೂ ಮಾನ ಉಳಿಯುವಂತೆ, ಎರಡೂ ಕಡೆ ಸಲ್ಲುವ ಒಂದು ಹದವಾದ ಮಾತು ನನ್ನಲ್ಲಿ ತಯಾರಿತ್ತು. ಇಂಥದ್ದನ್ನು ನಾನು ವೇದಿಕೆಯ ಮೇಲೆ ಎಷ್ಟೋ ಸಲ ಮಾಡಿದ್ದೇನೆ. "ಅಡ್ಡಿ ಅಂತಲ್ಲ ಅಕ್ಕಾ, ಸವಿತಾನ ಮನಸಿನ್ಯಾಗ ಏನೈತಂದ್ರ" ಎಂದು ಬಾಯಿ ತೆರೆದೆ.

ಇಂಚರಾ ತಿರುಗಿ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಅವ್ವ ಹೇಳ್ಲಿ."

ನೀಲಕ್ಕನ ಕೈಯಿಂದ ಚೀಲ ಜಾರಿತು. ಆದರೆ ಕೂಸು ಮಾತಾಡಿತೆಂದು ಯಾರೂ ಕುಣಿಯಲಿಲ್ಲ. ಕಾಯುವುದನ್ನು ಅಷ್ಟು ಹೊತ್ತಿಗೆ ನಾವೆಲ್ಲ ಕಲಿತಿದ್ದೆವು. ಎಲ್ಲರೂ ಸವಿತಾಳ ಮುಖ ನೋಡುತ್ತ ಕೂತೆವು. ಅವಳ ತುಟಿ ಎರಡು ಸಲ ತೆರೆದು ಮುಚ್ಚಿತು. ಹೊರಗೆ ಒಂದು ಟ್ರ್ಯಾಕ್ಟರು ಹೋಯಿತು. ನೀಲಕ್ಕ ಏನೋ ಹೇಳಲು ಹೋದಳು, ಗಂಗವ್ವ ಅವಳ ಮೊಣಕೈ ಹಿಡಿದಳು.

"ಕೂಸಿನ್ನ ನಾ ಕಳಸೂದಿಲ್ಲರಿ ಅತ್ತಿ" ಎಂದಳು ಸವಿತಾ. ಅಲ್ಲಿಗೇ ನಿಲ್ಲಲಿಲ್ಲ. "ಅವತ್ತ ಊಟಕ್ಕ ಕುಂತಾಗ ನೀವು ಅಷ್ಟ ಮಂದಿ ಮುಂದ ನನ್ನ ಮೂಕಿ ಅಂದ್ರಿ. ಹೋಳಿಗಿ ನನ್ನ ಗಂಟಲದಾಗ ಇಳೀಲಿಲ್ಲ. ನನ್ನ ಹಾಲಿನ್ಯಾಗ ಏನೋ ಕಮ್ಮಿ ಐತಿ ಅಂತ ನಾನೂ ತಿಳಕೊಂಡಿದ್ನಿ. ನನಗ ಮಾತ ಬರ್ತಾವ್ರಿ. ನಾ ಹೇಳೂದು ಮುಗಿಯೂತನಾ ಈ ಮನ್ಯಾಗ ಇವತ್ತಿಗೂ ಯಾರೂ ಕೇಳಿಲ್ಲ."

ನೀಲಕ್ಕ ತಲೆ ತಗ್ಗಿಸಿ ಖಾಲಿ ಚೀಲವನ್ನು ಮಡಚತೊಡಗಿದಳು, ಮಡಚಿದ್ದನ್ನೇ ಮತ್ತೆ ಮಡಚಿದಳು. ಗಂಗವ್ವ ಅಳುತ್ತಿದ್ದಳು. ನನಗೆ ನಾಚಿಕೆಯಾಗಿತ್ತು, ಹೆಮ್ಮೆಯೂ ಆಗಿತ್ತು. ಎರಡನ್ನೂ ಕೂಡಿಸಿ ಹೇಳುವ ಒಂದು ಮಾತೂ ನನಗೆ ಸಿಗಲಿಲ್ಲ. ಸಿಕ್ಕಿದ್ದರೂ ಹೇಳುವಂತಿರಲಿಲ್ಲ. ಸವಿತಾ ಇನ್ನೂ ಮಾತಾಡುತ್ತಿದ್ದಳು, ಇಂಚರಾ ನನ್ನ ಬಾಯಿಯ ಮೇಲಿಂದ ಕೈ ತೆಗೆದಿರಲಿಲ್ಲ.